ಆಲ್ಬರ್ಟ್ ಕಾನ್ ಸಂಗ್ರಹದ ಬಣ್ಣ ಆಮೇಲೆ ಬಳಿದದ್ದಲ್ಲ

ಆಲ್ಬರ್ಟ್ ಕಾನ್ ಸಂಗ್ರಹದಲ್ಲಿರುವ 1913ರ ಮಂಗೋಲಿಯಾದ ಛಾಯಾಚಿತ್ರಕ್ಕೆ ಬಣ್ಣವನ್ನು ಕೈಯಿಂದ ಬಳಿದಿದ್ದಾರೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅದು ಲೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೋಕ್ರೋಮ್, ಅಂದರೆ ನೇರವಾಗಿ ಬಣ್ಣದಲ್ಲೇ ಚಿತ್ರ ಹಿಡಿಯುವ ಗಾಜಿನ ಫಲಕ. ಆಲೂಗಡ್ಡೆ ಪಿಷ್ಟದ ಸೂಕ್ಷ್ಮ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿ, ಸಂದುಗಳಿಗೆ ಇದ್ದಿಲ ಪುಡಿ ತುಂಬುತ್ತಿದ್ದರು. ಬೆಳಕು ಈ ಕಣಗಳನ್ನು ಹಾದು ಹಿಂದಿನ ಕಪ್ಪು-ಬಿಳುಪು ಲೇಪವನ್ನು ಮುಟ್ಟುತ್ತಿತ್ತು; ಕಾಣುವ ಬಣ್ಣ ಈ ಕಣಗಳದ್ದೇ. ಚಿತ್ರವನ್ನು ಹಿಗ್ಗಿಸಿ ನೋಡಿ, ಚುಕ್ಕಿಗಳು ಕಾಣುತ್ತವೆ. ಬೆಳಕು ಹಿಡಿಯಲು ಹೊತ್ತು ಬೇಕಿದ್ದರಿಂದ ಜನ ಅಲುಗಾಡದೆ ನಿಲ್ಲಬೇಕಿತ್ತು.

ಜನಾಂಗಗಳು ಪರಸ್ಪರ ಅರಿತರೆ ಯುದ್ಧ ತಪ್ಪೀತು ಎಂದು ನಂಬಿದ್ದ ಪ್ಯಾರಿಸಿನ ಬ್ಯಾಂಕರ್ ಕಾನ್, ಸುಮಾರು 50 ದೇಶಗಳಲ್ಲಿ ಇಂಥ 72,000 ಫಲಕಗಳನ್ನು ತೆಗೆಸಿದರು. 1914ರಲ್ಲಿ ಯುದ್ಧ ಬಂದೇ ಬಂತು. ಆದರೂ ಅವರು ಕೈಬಿಡಲಿಲ್ಲ. ಆ ಹಟವೇ ನನಗೆ ದೊಡ್ಡದಾಗಿ ಕಾಣುತ್ತದೆ. 1929ರ ಷೇರು ಕುಸಿತದ ನಂತರ ಹಣ ಕರಗಿ, 1931ಕ್ಕೆ ಕೆಲಸ ನಿಂತಿತು.