ವಾಲಿ ಸಾಯಲೇಬೇಕು, ಮಾರಾಯ್ರೇ

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಓದುಗರೊಬ್ಬರು ಈ ತಿಂಗಳು ಬರೆದ ಪತ್ರದ ಮುಖ್ಯ ಭಾಗ:

"ಕಳೆದ ಸಂಚಿಕೆಯಲ್ಲಿ ಮುಗಿದ ಧಾರಾವಾಹಿಯ ಕೊನೆಯ ಕಂತು ಓದಿ ತುಂಬ ಬೇಸರವಾಯಿತು. ಮಗ ಅಡಿಕೆ ತೋಟ ಮಾರಿ ಹೋಗುತ್ತಾನೆ, ಅಮ್ಮ ಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಇಷ್ಟಕ್ಕಾಗಿ ನಾವು ತಿಂಗಳುಗಟ್ಟಲೆ ಕಾದದ್ದಾ? ನಾನು ಕಾಲೇಜಿನ ದಿನಗಳಿಂದ ಮಾಸ್ ಎಫೆಕ್ಟ್ ಎಂಬ ವಿಡಿಯೋ ಗೇಮ್ ಆಡಿದವನು. ಅದರ ಮೂರನೇ ಭಾಗದ ಕೊನೆ ಚೆನ್ನಾಗಿಲ್ಲ ಅಂತ ಆಟಗಾರರು ಗಲಾಟೆ ಮಾಡಿದಾಗ ಕಂಪನಿಯೇ ಬಗ್ಗಿ ಬೇರೆ ಕೊನೆ ಕೊಟ್ಟಿತು. ಅಷ್ಟು ದೊಡ್ಡವರೇ ಕೇಳುತ್ತಾರಾದರೆ ನಿಮಗೇನು ಕಷ್ಟ? ಲೇಖಕರಿಂದ ಕೊನೆಯ ಕಂತನ್ನು ಇನ್ನೊಮ್ಮೆ ಬರೆಸಿ ಹಾಕಿ."

ಸಂಪಾದಕರ ಉತ್ತರ:

ನಿಮ್ಮ ಪತ್ರ ನನಗೆ ಖುಷಿ ಕೊಟ್ಟಿತು. ಸುಮ್ನೆ ಹೇಳುತ್ತಿಲ್ಲ. ವಿಡಿಯೋ ಗೇಮ್ ಆಡುವ ಹುಡುಗರು ಧಾರಾವಾಹಿ ಓದುವುದಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ನೀವು ಓದಿದ್ದೀರಿ. ಕೊನೆಯವರೆಗೂ ಓದಿ, ಆಮೇಲೆ ಸಿಟ್ಟು ಮಾಡಿಕೊಂಡಿದ್ದೀರಿ. ಓದದೆಯೇ ಸಿಟ್ಟಾಗುವವರ ಪತ್ರಗಳೇ ಜಾಸ್ತಿ ಬರುವ ಈ ಮೇಜಿನ ಮೇಲೆ ನಿಮ್ಮದು ಮರ್ಯಾದೆಯ ಪತ್ರ.

ಆದರೆ ಕಂತು ಬದಲಾಗುವುದಿಲ್ಲ. ಯಾಕೆ ಅಂತ ಹೇಳಲು ನೀವು ಎತ್ತಿದ ಗೇಮಿನಿಂದಲೇ ಶುರು ಮಾಡುತ್ತೇನೆ. ನನ್ನ ಅಕ್ಕನ ಮಗ ಆ ಮೂರನ್ನೂ ಆಡಿದವನು. ಬೇಸಗೆ ರಜೆಯಲ್ಲಿ ಅವನ ಪಕ್ಕ ಕೂತು ನಾನೂ ಸಾಕಷ್ಟು ನೋಡಿದ್ದೇನೆ, ಆದ್ದರಿಂದ ಬಾಯಿಗೆ ಬಂದಂತೆ ಮಾತಾಡುತ್ತಿಲ್ಲ.

ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಕೆನಡಾದ ಎಡ್ಮಂಟನ್ನಿನ ಬಯೋವೇರ್ ಎಂಬ ಕಂಪನಿ ಮಾಡಿದ ಗೇಮ್ ಇದು. 2007, 2010, 2012ರಲ್ಲಿ ಒಂದೊಂದು ಭಾಗ ಬಂತು. ಕಮಾಂಡರ್ ಶೆಪರ್ಡ್ ಇದರ ನಾಯಕ. ಗಂಡೋ ಹೆಣ್ಣೋ ಆಡುವವರೇ ಆರಿಸಬೇಕು. ಐವತ್ತು ಸಾವಿರ ವರ್ಷಕ್ಕೊಮ್ಮೆ ರೀಪರ್ ಎಂಬ ಪರ್ವತದಂಥ ಯಂತ್ರಗಳು ಬಂದು ಮುಂದುವರಿದ ಜೀವಿಗಳನ್ನೆಲ್ಲ ಕೊಯ್ದುಕೊಂಡು ಹೋಗುತ್ತವೆ. ಅವನ್ನು ತಡೆಯಬೇಕು. ಇದರ ಸ್ವಾರಸ್ಯ ಯುದ್ಧದಲ್ಲಿಲ್ಲ, ಮಾತಿನಲ್ಲಿದೆ. ಎದುರಿನವರು ಏನಾದರೂ ಕೇಳಿದರೆ ಏನು ಉತ್ತರ ಕೊಡಬೇಕು ಅಂತ ಆಡುವವರೇ ಆರಿಸುತ್ತಾರೆ. ಮೊದಲ ಭಾಗದಲ್ಲಿ ವರ್ಮೈರ್ ಎಂಬ ಗ್ರಹದಲ್ಲಿ ಇಬ್ಬರು ಗೆಳೆಯರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು. ಅಲ್ಲಿ ಬಿಟ್ಟುಬಂದವರು ಮೂರನೇ ಭಾಗದಲ್ಲೂ ಇರುವುದಿಲ್ಲ. ಮಾಡಿದ್ದನ್ನು ಗೇಮ್ ಮರೆಯುವುದಿಲ್ಲ. ಐದು ವರ್ಷ ಜನ ಇದಕ್ಕೆ ಅಂಟಿಕೊಂಡದ್ದು ಈ ಕಾರಣಕ್ಕೆ.

ಕೊನೆಯಲ್ಲಿ ಏನಾಯಿತು? ಶೆಪರ್ಡ್ ಗಾಯಗೊಂಡು ಏದುಸಿರು ಬಿಡುತ್ತ ನಿಂತಿರುವಾಗ ಚಿಕ್ಕ ಹುಡುಗನ ರೂಪದಲ್ಲಿ ಒಂದು ಯಂತ್ರಬುದ್ಧಿ ಬಂದು ಮೂರು ದಾರಿ ತೋರಿಸುತ್ತದೆ. ರೀಪರ್‌ಗಳನ್ನು ನಾಶ ಮಾಡು, ಇಲ್ಲವೇ ನೀನೇ ಅವುಗಳ ಒಡೆಯನಾಗು, ಅಥವಾ ಜೀವ ಮತ್ತು ಯಂತ್ರ ಎರಡನ್ನೂ ಒಂದು ಮಾಡು. ಕೆಂಪು, ನೀಲಿ, ಹಸಿರು ಬೆಳಕು ಹಬ್ಬುತ್ತದೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ ಚಿತ್ರ. ಅಷ್ಟು ವರ್ಷ ಆರಿಸಿದ್ದಕ್ಕೆಲ್ಲ ಮೂರು ಬಣ್ಣದ ಬಲ್ಬು!

ಸಿಟ್ಟು ಬರಬೇಕಾದ್ದೇ. ಗೇಮಿನ ನಿರ್ದೇಶಕ ಕೇಸಿ ಹಡ್ಸನ್ ಬಿಡುಗಡೆಗೆ ಮುಂಚೆ ಸಂದರ್ಶನದಲ್ಲಿ, ನನಗೆ 'ಎ' ಸಿಕ್ಕಿತು, ನಿನಗೆ 'ಬಿ' ಸಿಕ್ಕಿತು ಎನ್ನುವಂಥ ಕೊನೆ ಇದಲ್ಲ ಎಂಬರ್ಥದ ಮಾತು ಹೇಳಿದ್ದರು. ಸಿಕ್ಕಿದ್ದು ಸರಿಯಾಗಿ ಎ, ಬಿ, ಸಿ. ಮೊದಲ ಭಾಗದ ಮುಖ್ಯ ಬರಹಗಾರ ಡ್ರೂ ಕಾರ್ಪಿಶಿನ್ ಮೂರನೆಯದರ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಕೊಟ್ಟ ಮಾತು ಉಳಿಸಿಕೊಳ್ಳದವರನ್ನು ಬೈಯುವ ಹಕ್ಕು ದುಡ್ಡು ಕೊಟ್ಟವರಿಗೆ ಇದೆ. ಒಪ್ಪಿದೆ.

ಬೈದದ್ದೂ ಜೋರಾಗಿಯೇ. ಒಬ್ಬರು ಅಮೆರಿಕದ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು. ಕೆಲವರು ಸೇರಿ ಸುಮಾರು ನಾನೂರು ಕಪ್ ಕೇಕ್ ಮಾಡಿಸಿ ಬಯೋವೇರ್ ಕಚೇರಿಗೆ ಕಳಿಸಿದರು. ಕೆಂಪು, ನೀಲಿ, ಹಸಿರು ಮೂರು ಬಣ್ಣ, ಕಚ್ಚಿದರೆ ಎಲ್ಲದರದ್ದೂ ಒಂದೇ ರುಚಿ. ಈ ಲೇವಡಿ ನನಗೆ ಬಹಳ ಹಿಡಿಸಿತು. ನಮ್ಮ ಹಾಸ್ಯಗಾರರಿಗೆ ಹೊಳೆಯಬೇಕಾದ ಹಾಸ್ಯ ಅದು. ಇನ್ನು ಕೆಲವರು 'ಚೈಲ್ಡ್ಸ್ ಪ್ಲೇ' ಎಂಬ, ಆಸ್ಪತ್ರೆಯ ಮಕ್ಕಳಿಗೆ ಆಟಿಕೆ ಕೊಡಿಸುವ ಸಂಸ್ಥೆಗೆ ತಮ್ಮ ಪ್ರತಿಭಟನೆಯ ಹೆಸರಲ್ಲಿ 80,000 ಡಾಲರಿಗೂ ಹೆಚ್ಚು ಕೂಡಿಸಿಕೊಟ್ಟರು. ಅವರಿಗೆ ದೊಡ್ಡ ನಮಸ್ಕಾರ.

ಈಗ ನಿಮ್ಮ ವಾದಕ್ಕೆ ಬರೋಣ. ಕಂಪನಿ ಬಗ್ಗಿತು, ಬೇರೆ ಕೊನೆ ಕೊಟ್ಟಿತು ಅಂದಿರಿ. ಇನ್ನೊಮ್ಮೆ ಆಡಿ ನೋಡಿ. 2012ರ ಜೂನ್ 26ಕ್ಕೆ ಅವರು ಪುಕ್ಕಟೆ ಕೊಟ್ಟದ್ದು ವಿಸ್ತರಿಸಿದ ಕೊನೆ, ಬದಲಾಯಿಸಿದ ಕೊನೆ ಅಲ್ಲ. ಅದೇ ಹುಡುಗ, ಅದೇ ಮೂರು ದಾರಿ. ಮುಂದೆ ಯಾರಿಗೆ ಏನಾಯಿತು ಎಂಬ ವಿವರಣೆ ಜಾಸ್ತಿ ಮಾಡಿದರು. ಜೊತೆಗೆ ನಾಲ್ಕನೆಯ ದಾರಿ ಒಂದು ಸೇರಿಸಿದರು. ಮೂರೂ ಬೇಡ ಅಂತ ಹೇಳಬಹುದು, ಅಥವಾ ಆ ಹುಡುಗನಿಗೇ ಗುಂಡು ಹೊಡೆಯಬಹುದು. ಹೊಡೆದರೆ? ರೀಪರ್‌ಗಳು ಗೆಲ್ಲುತ್ತವೆ, ಎಲ್ಲರೂ ಸಾಯುತ್ತಾರೆ, ಮುಂದಿನ ಸರದಿಯವರು ಏನಾದರೂ ಮಾಡಿಕೊಳ್ಳಲಿ ಅಂತ ಕಥೆ ಮುಗಿಯುತ್ತದೆ. ನಮ್ಮ ಕೊನೆ ಬೇಡವಾ, ಸರಿ, ಹಾಗಾದರೆ ಇದು ತಗೊಳ್ಳಿ. ಬರಹಗಾರರ ಈ ತುಂಟತನ ಕಂಡಾಗ ನಾನು ಕುರ್ಚಿಯಲ್ಲೇ ನಕ್ಕುಬಿಟ್ಟೆ. ಅಕ್ಕನ ಮಗನಿಗೆ ನಗು ಬರಲಿಲ್ಲ.

ಅವನು ಹೇಳಿದ್ದು, ನೀವೂ ಹೇಳಬಹುದಾದ್ದು: "ಮಾವ, ಇದು ಪುಸ್ತಕ ಅಲ್ಲ. ಶೆಪರ್ಡ್ ನಾನೇ. ಆಡಿದ್ದು ನಾನು, ಮಾತಾಡಿದ್ದು ನಾನು. ಕೊನೆ ಮಾತ್ರ ಅವರದ್ದು ಹೇಗಾಗುತ್ತದೆ?"

ಒಳ್ಳೆಯ ಪ್ರಶ್ನೆ. ಆದರೆ ಕುಂಬಳೆ ಸೀಮೆಯಲ್ಲಿ ಹುಟ್ಟಿದವನು ಕೇಳಬಾರದ ಪ್ರಶ್ನೆ. ನಮ್ಮ ತಾಳಮದ್ದಳೆಯಲ್ಲಿ ಇರುವುದು ಇದೇ ಅಲ್ವಾ? ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಪದ್ಯ ಕವಿಯದ್ದು, ಮಾತು ಪಾತ್ರ ವಹಿಸಿ ಕೂತ ಅರ್ಥಧಾರಿಯದ್ದು. ಇವತ್ತಿನ ಮಾತು ನಾಳೆ ಇರುವುದಿಲ್ಲ. ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ, ಅಲ್ಲೇ ಹುಟ್ಟಿಸಿ ಹೇಳಬೇಕು. ಕೂತ ಜಾಗದಲ್ಲಿ ಅವನೇ ವಾಲಿ, ಅವನೇ ಕರ್ಣ. ಆದರೂ ಪದ್ಯ ಬಿಟ್ಟು ಹಳಿ ತಪ್ಪಿದರೆ ಪದ್ಯ ಹಾಡುವ ಭಾಗವತರು ಸದ್ದಿಲ್ಲದೆ ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಅವನ ಮಾತು ಮುಗಿಯಿತು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳನ್ನು ತೆಗೆದುಕೊಳ್ಳಿ. ರಾಮ ಮರದ ಮರೆಯಿಂದ ಬಾಣ ಬಿಟ್ಟಿದ್ದಾನೆ. ವಾಲಿ ಬಿದ್ದಿದ್ದಾನೆ. ಬಿದ್ದಲ್ಲಿಂದಲೇ ಕೇಳುತ್ತಾನೆ: ನಿನಗೆ ನಾನೇನು ಮಾಡಿದ್ದೆ? ಎದುರು ಬಂದು ಹೊಡೆಯಲಿಕ್ಕೆ ಏನು ಕಷ್ಟ ಇತ್ತು? ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಈಗಲೂ ನಮ್ಮ ಜಿಲ್ಲೆಯಲ್ಲಿದ್ದಾರೆ, ವಿಚಾರಿಸಿ. ವಾದದಲ್ಲಿ ವಾಲಿ ಗೆದ್ದುಬಿಡುತ್ತಿದ್ದ. ರಾಮನ ಅರ್ಥ ಹೇಳುವವರಿಗೆ ಬೆವರು. ಕೂಟ ಮುಗಿಸಿ ಮನೆಗೆ ಹೊರಟವರು ದಾರಿಯುದ್ದಕ್ಕೂ ವಾಲಿಯ ಪರ ಮಾತಾಡುತ್ತಿದ್ದರು. ಆದರೂ ವಾಲಿ ಸತ್ತ. ಪ್ರತಿ ಸಲವೂ ಸತ್ತ. ಯಾರೂ ಭಾಗವತರ ಹತ್ತಿರ ಹೋಗಿ, "ನಮಗೆ ಮೋಸ ಆಗಿದೆ, ವಾಲಿಯನ್ನು ಬದುಕಿಸಿ" ಅನ್ನಲಿಲ್ಲ. ವಾಲಿ ಸತ್ತದ್ದರಿಂದಲೇ ಆ ಮಾತು ಬೆಳಗಿನ ಚಹಾದವರೆಗೂ ಉಳಿದದ್ದು. ಬದುಕಿಸಿದ್ದರೆ ಎಲ್ಲರೂ ನೆಮ್ಮದಿಯಿಂದ ಮಲಗುತ್ತಿದ್ದರು, ಅಷ್ಟೇ.

ಆ ಗೇಮಿನಲ್ಲೂ ಇಂಥ ಸಾವೊಂದಿದೆ. ಮಾರ್ಡಿನ್ ಎಂಬ ವಿಜ್ಞಾನಿ. ಕ್ರೋಗನ್ ಎಂಬ ಇಡೀ ಕುಲಕ್ಕೆ ಸಂತಾನವೇ ಅಪರೂಪವಾಗುವಂತೆ ಮಾಡಿದ ರೋಗದಲ್ಲಿ ಅವನದ್ದೂ ಕೈ ಇದೆ. ಮೂರನೇ ಭಾಗದಲ್ಲಿ ಅವನೇ ಅದಕ್ಕೆ ಮದ್ದು ಹಬ್ಬಿಸಲು ಉರಿಯುವ ಗೋಪುರ ಹತ್ತುತ್ತಾನೆ, ಹಾಡು ಗುನುಗುತ್ತ ಸಾಯುತ್ತಾನೆ. ಅಕ್ಕನ ಮಗ ಅಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅವನನ್ನು ಬದುಕಿಸಿ ಅಂತ ಯಾರಾದರೂ ಕೇಕ್ ಕಳಿಸಿದರಾ? ಆಡಿದವರಿಗೆ ಸಾವಿನ ಮೇಲೆ ಸಿಟ್ಟಿರಲಿಲ್ಲ, ಕೊನೆಯ ಹತ್ತು ನಿಮಿಷದ ಮೇಲೆ ಇತ್ತು. ಹತ್ತು ನಿಮಿಷ ಸೊರಗಿತು ಅಂತ ಹತ್ತಾರು ಗಂಟೆಯ ಒಳ್ಳೆಯ ಕಥೆಯನ್ನು ಗುಡಿಸಿ ಬಿಸಾಡುವುದು ಯಾವ ರಸಿಕತೆ?

ಷರ್ಲಾಕ್ ಹೋಮ್ಸ್ ಸತ್ತು ವಾಪಸ್ ಬರಲಿಲ್ವಾ ಅಂತ ನೀವು ಕೇಳುವ ಮೊದಲೇ ಹೇಳುತ್ತೇನೆ. ಕಾನನ್ ಡಾಯ್ಲ್ 1893ರಲ್ಲಿ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿದ. ಓದುಗರು ಹತ್ತು ವರ್ಷ ಪೀಡಿಸಿದರು. 1903ರಲ್ಲಿ ಅವನು ಹೋಮ್ಸನನ್ನು ಕರೆತಂದ, ನಿಜ. ಆದರೆ ಹಳೆಯ ಕಥೆಯನ್ನು ಅಳಿಸಿ ಬರೆಯಲಿಲ್ಲ. ಹೊಸ ಕಥೆ ಬರೆದ. ಹಳೆಯದು ಇವತ್ತಿಗೂ ಹಾಗೆಯೇ ಇದೆ.

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇದೆ. ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ಗದಾಪರ್ವದ ಆಚೆಗೆ ಬರೆಯಲಿಲ್ಲ. ಮುಂದೇನು ಎಂದು ಬೇಕಾದವರು ಗದುಗಿಗೆ ದೂರು ಕಳಿಸಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕೂತು ಉಳಿದ ಪರ್ವಗಳನ್ನು ತಾನೇ ಬರೆದ. ಬೇಕಾದವನು ಬರೆಯುತ್ತಾನೆ. ನಿಮ್ಮ ಗೇಮಿನಲ್ಲೂ ತಿಮ್ಮಣ್ಣರು ಹುಟ್ಟಿದ್ದಾರೆ. ಕಂಪನಿಯ ಕೊನೆ ಸರಿಯಿಲ್ಲ ಎಂದು ಆಟಗಾರರೇ ಕೂತು ಸುಖಾಂತದ ಮಾಡ್, ಅಂದರೆ ಗೇಮನ್ನು ತಿದ್ದುವ ಜೋಡಣೆ, ಮಾಡಿದರು, ಬೇಕಾದವರು ತಮ್ಮ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡರು. ಗದ್ದಲದಲ್ಲಿ ಅವರ ಹೆಸರು ಕೇಳಿಸುವುದೇ ಇಲ್ಲ. ನನ್ನ ಮಟ್ಟಿಗೆ ಆ ಇಡೀ ಗಲಾಟೆಯಲ್ಲಿ ನಿಜವಾದ ಕೆಲಸ ಮಾಡಿದವರು ಅವರು, ಮತ್ತೆ ಆ ಆಸ್ಪತ್ರೆ ಮಕ್ಕಳಿಗೆ ದುಡ್ಡು ಕೊಟ್ಟವರು.

ಕೇಳಿದ ಹಾಗೆಲ್ಲ ಕೊಡುತ್ತ ಹೋದರೆ ಕಥೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಸಂಜೆ ಟಿ.ವಿ. ಹಾಕಿ. ಪಾತ್ರ ಜನಕ್ಕೆ ಹಿಡಿಸಿದರೆ ಸತ್ತವಳು ವಾಪಸ್, ಹಿಡಿಸದಿದ್ದರೆ ಬದುಕಿದ್ದವಳು ಅಪಘಾತದಲ್ಲಿ ಹೋದಳು. ಕಥೆ ನಡೆಸುವುದು ಬರೆದವರಲ್ಲ, ವಾರದ ಟಿ.ಆರ್.ಪಿ. ಯಕ್ಷಗಾನದ ಆಟದಲ್ಲೂ ಈಗ ಇಡೀ ರಾತ್ರಿ ಯಾರಿಗೂ ಬೇಡ. ಕಾಲಮಿತಿಯಲ್ಲಿ ನಡುರಾತ್ರಿ ದಾಟುವ ಹೊತ್ತಿಗೆ ಮಂಗಳ. ನಾಳೆ ಕೆಲಸಕ್ಕೆ ಹೋಗಬೇಕಲ್ಲ ಅನ್ನುತ್ತಾರೆ. ಹೋಗಿ, ಬೇಡ ಅಂದವರು ಯಾರು? ಆದರೆ ಬೆಳಗಿನ ಜಾವದ ಬಣ್ಣದ ವೇಷ ನೋಡದೆ, ಯಕ್ಷಗಾನದಲ್ಲಿ ಮೊದಲಿನ ಗಮ್ಮತ್ತಿಲ್ಲ ಎಂದು ನನಗೆ ಪತ್ರ ಬರೆಯಬೇಡಿ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಒಂದು ಕೊನೆ ಸರಿಯಿಲ್ಲ ಎಂದು ಅರ್ಜಿ ಹಾಕುವ ಅಭ್ಯಾಸ ನಮಗೆ, ಕಾಸರಗೋಡಿನವರಿಗೆ, ಹೊಸತಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ನಮ್ಮನ್ನು ತೆಗೆದು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದನ್ನೇ ಹೇಳುತ್ತ ನೂರು ವರ್ಷ ಬದುಕಿ 2015ರಲ್ಲಿ ಹೋದರು. ಅವರನ್ನು ನೀವು ಪಾಠದಲ್ಲಿ ಓದಿರಬಹುದು.

ಹಾಗಾದರೆ ನೀವೂ ಅರ್ಜಿಯವರೇ ಅಲ್ವಾ, ನಮಗ್ಯಾಕೆ ಬೇಡ ಅನ್ನುತ್ತೀರಿ ಎಂದು ಕೇಳಬಹುದು. ವ್ಯತ್ಯಾಸ ಇದೆ ಮಾರಾಯ್ರೇ. ಶೆಪರ್ಡ್ ಸತ್ತರೆ ಶಾಲೆ ಮುಚ್ಚುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಮುಚ್ಚುತ್ತದೆ. ಇವತ್ತಲ್ಲ, ಮಕ್ಕಳು ಒಬ್ಬೊಬ್ಬರಾಗಿ ಬೇರೆ ಶಾಲೆಗೆ ಹೋದ ಮೇಲೆ. ಇಂಥದ್ದೇ ಒಂದು ನೇಮಕದ ವಿರುದ್ಧ ನಮ್ಮ ಊರಿನಲ್ಲಿ ಸಹಿ ಸಂಗ್ರಹಕ್ಕೆ ಹೊರಟಾಗ ನಾನೂ ಮನೆ ಮನೆ ಸುತ್ತಿದ್ದೇನೆ. ಹಿರಿಯರು ಕನ್ನಡಕ ಹುಡುಕಿ ಸಹಿ ಹಾಕಿದರು. ನಿಮ್ಮ ಪ್ರಾಯದವರು, "ನಾಳೆ ಹಾಕುತ್ತೇನೆ ಸಾರ್, ಈಗ ಸ್ವಲ್ಪ ಅರ್ಜೆಂಟ್" ಎಂದರು. ಒಬ್ಬನ ಕೈಯಲ್ಲಿ ಗೇಮಿನ ರಿಮೋಟೇ ಇತ್ತು! ನೀವು ಅವರಲ್ಲಿ ಒಬ್ಬರು ಎಂದು ನಾನು ಹೇಳುವುದಿಲ್ಲ. ಗೇಮಿನ ಕೊನೆಗೆ ಇಷ್ಟು ಕಾವು ಬರುವ ರಕ್ತಕ್ಕೆ ಪಕ್ಕದ ಶಾಲೆಯ ಸುದ್ದಿಗೆ ಯಾಕೆ ಬರುವುದಿಲ್ಲ ಎಂದು ಮಾತ್ರ ಕೇಳುತ್ತೇನೆ. ದೂರು ಕೊಡಲು ಬರುತ್ತದೆ, ದುಡ್ಡು ಕೂಡಿಸಲು ಬರುತ್ತದೆ, ನಾನೂರು ಕೇಕ್ ಮಾಡಿಸುವಷ್ಟು ತಲೆಯೂ ಓಡುತ್ತದೆ. ಅದರಲ್ಲಿ ಕಾಲು ಭಾಗ ಇಲ್ಲಿ ಖರ್ಚಾಗಿದ್ದರೆ ಸಾಕಿತ್ತು.

ಧಾರಾವಾಹಿಗೆ ಬರೋಣ. ಮಗ ತೋಟ ಮಾರಬಾರದಿತ್ತು ಎಂದು ನಿಮಗೆ ಅನಿಸಿದೆ. ನನಗೂ ಅನಿಸಿದೆ. ಹಸ್ತಪ್ರತಿ ಓದಿದ ದಿನವೇ ಅನಿಸಿತ್ತು. ಆದರೆ ಹಳದಿ ರೋಗ ಬಿದ್ದ ತೋಟ, ಕೊಯ್ಯಲು ಜನ ಇಲ್ಲ, ಮೇಲೆ ಸೊಸೈಟಿಯ ಸಾಲ. ಆ ಮಗ ಬೇರೇನು ಮಾಡಬೇಕಿತ್ತು ಹೇಳಿ. ಲೇಖಕರು ಆ ಅಮ್ಮನನ್ನು ಬಾಡಿಗೆ ಕೋಣೆಯಲ್ಲಿ ಕೂರಿಸಿದ್ದು ನಿಮ್ಮನ್ನು ಅಳಿಸಲಿಕ್ಕಲ್ಲ. ಕಾಸರಗೋಡು ಪೇಟೆಯಲ್ಲಿ ಅಂಥ ಕೋಣೆಗಳಿವೆ, ಅಂಥ ಅಮ್ಮಂದಿರಿದ್ದಾರೆ. ಅವರ ಹತ್ತಿರ ಹೋಗಿ ನಿಮ್ಮ ಕೊನೆ ಬದಲಾಯಿಸಿಕೊಳ್ಳಿ ಎಂದು ಹೇಳಿ ನೋಡಿ.

ಆದ್ದರಿಂದ ಕಂತು ಇದ್ದ ಹಾಗೆಯೇ ಇರುತ್ತದೆ. ಲೇಖಕರಿಗೆ ನಿಮ್ಮ ಪತ್ರ ಕಳಿಸಿದ್ದೇನೆ, ಬೈಗುಳ ತೆಗೆಯದೆ. ನಿಮಗೆ ಬೇರೆ ಕೊನೆ ಬೇಕಾದರೆ ನೀವೇ ಬರೆಯಿರಿ. ಮಗ ವಾಪಸ್ ಬರಲಿ, ತೋಟ ಬಿಡಿಸಿಕೊಳ್ಳಲಿ, ಸಾಲ ಹೇಗೆ ತೀರಿಸಿದ ಎಂಬುದನ್ನು ಮಾತ್ರ ಸರಿಯಾಗಿ ಬರೆಯಬೇಕು. ಲಾಟರಿ ಹೊಡೆಯಿತು ಅಂತ ಬರೆದರೆ ಹಾಕುವುದಿಲ್ಲ. ಚೆನ್ನಾಗಿದ್ದರೆ ನಿಮ್ಮ ಹೆಸರಿನಲ್ಲೇ, ಬೇರೆ ಕಥೆಯಾಗಿ ಪ್ರಕಟಿಸುತ್ತೇನೆ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಡಿ, ನನ್ನ ಕಣ್ಣಿಗೆ ಕಾಣುವುದಿಲ್ಲ. ಕಳಿಸುವಾಗ ಈ ವರ್ಷದ ಚಂದಾ ಕೂಡ ಕಳಿಸಿಬಿಡಿ. ನಿಮ್ಮದು ಮಾರ್ಚಿಗೇ ಮುಗಿದಿದೆ.

- ಸಂ.