ಮೊದಲ ಬಾರಿ ಸ್ಥಳೀಯ ಕಾರ್ಡ್ ಗೇಮ್ ಪಂದ್ಯಾವಳಿಗೆ ಹೋಗುವವರು ಹೇಗೆ ಸಿದ್ಧರಾಗಬೇಕು?

ಮನೆಯಲ್ಲಿ ಗೆಳೆಯರೊಂದಿಗೆ ಮಾತ್ರ ಮ್ಯಾಜಿಕ್: ದ ಗ್ಯಾದರಿಂಗ್ ಆಡಿರುವ ನೀವು ಈಗ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದೀರಿ, ಮೊದಲ ಸುತ್ತಿನಲ್ಲೇ ಸೋತು ಹೊರಬೀಳುವ ಅಳುಕು ನಿಮಗಿದೆ, ಹೇಗೆ ಸಿದ್ಧರಾಗಬೇಕೆಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಇದೇ ಆಟದ ಸ್ಥಳೀಯ ಪಂದ್ಯಗಳಲ್ಲಿ ಆಡುತ್ತಿರುವವನಾಗಿ ಹೇಳುವುದಾದರೆ, ಆ ಅಳುಕಿಗೆ ಕಾರಣವಿಲ್ಲ. ಇಂಥ ಪಂದ್ಯಾವಳಿಗಳು ಸಾಮಾನ್ಯವಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಸೋತವರನ್ನು ಹೊರಗೆ ಕಳುಹಿಸದೆ, ಸರಿಸುಮಾರು ಒಂದೇ ಅಂಕ ಗಳಿಸಿದವರನ್ನು ಮುಂದಿನ ಸುತ್ತಿನಲ್ಲಿ ಎದುರುಬದುರಾಗಿ ಕೂರಿಸುತ್ತಾರೆ. ಗೆಲುವಿಗೆ 3 ಅಂಕ, ಡ್ರಾಗೆ 1 ಅಂಕ. ಅಂಕಗಳು ಸಮನಾದಾಗ ನೀವು ಎದುರಿಸಿದವರ ಸಾಧನೆಯನ್ನು ಮೊದಲು ನೋಡುವುದರಿಂದ, ನಿಮ್ಮನ್ನು ಸೋಲಿಸಿದವರು ಮುಂದೆಯೂ ಗೆಲ್ಲುತ್ತಿರಲಿ ಎಂದು ಹಾರೈಸುವುದರಲ್ಲಿ ನಿಮ್ಮ ಸ್ವಾರ್ಥವೂ ಇದೆ.

ಮನೆಯ ಆಟಕ್ಕೂ ಪಂದ್ಯಾವಳಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಗಡಿಯಾರ. ಮೂರರಲ್ಲಿ ಎರಡು ಆಟ ಗೆಲ್ಲಬೇಕಾದ ಒಂದು ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ ಸಿಗುತ್ತದೆ. ಸಮಯ ಮುಗಿದಾಗ ನಡೆಯುತ್ತಿರುವ ಸರದಿಯ ನಂತರ ಇಬ್ಬರಿಗೂ ಸೇರಿ ಇನ್ನು 5 ಸರದಿಗಳಷ್ಟೇ ಉಳಿಯುತ್ತವೆ. ಮೊದಲ ಆಟ ಕೈತಪ್ಪಿದೆ ಎಂಬುದು ಖಚಿತವಾದ ಮೇಲೂ ಕಾಲು ಗಂಟೆ ಎಳೆದಾಡಿದರೆ, ಉಳಿದೆರಡು ಆಟಗಳನ್ನು ಮುಗಿಸಲು ಸಮಯ ಸಾಲದೆ ಸುತ್ತನ್ನೇ ಕಳೆದುಕೊಳ್ಳುವ ಸಂಭವವಿದೆ. ಅಂಥ ಸ್ಥಿತಿಯಲ್ಲಿ ಸೋಲೊಪ್ಪಿ ಎರಡನೆಯ ಆಟಕ್ಕೆ ಸಿದ್ಧರಾಗುವುದು ಲೆಕ್ಕಾಚಾರದ ನಡೆಯೇ ಹೊರತು ಹೇಡಿತನವಲ್ಲ. ಆದ್ದರಿಂದ ಹೋಗುವ ಮುನ್ನ ಮನೆಯಲ್ಲೇ ಗಡಿಯಾರವಿಟ್ಟು ಕೆಲವು ಸುತ್ತು ಆಡಿ ನೋಡಿ.

ಡೆಕ್‌ನ (ಅಂದರೆ ನೀವು ಆಯ್ದು ಒಯ್ಯುವ ಕಾರ್ಡ್ ಕಟ್ಟಿನ) ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಯಾವುದೋ ದೊಡ್ಡ ಪಂದ್ಯಾವಳಿಯ ವಿಜೇತರ ಡೆಕ್‌ನ ಕಾರ್ಡ್ ಪಟ್ಟಿಯನ್ನು ಹಿಂದಿನ ರಾತ್ರಿ ನಕಲು ಮಾಡುವುದಕ್ಕಿಂತ, ನಿಮ್ಮ ಕೈಗೆ ಪಳಗಿದ ಸಾಧಾರಣ ಡೆಕ್ ಮೇಲು. 60 ಕಾರ್ಡ್‌ಗಳ ಡೆಕ್‌ನಲ್ಲಿ ಒಂದು ಕಾರ್ಡಿನ 4 ಪ್ರತಿಗಳಿದ್ದರೂ, ಆರಂಭದ 7 ಕಾರ್ಡ್‌ಗಳಲ್ಲಿ ಅದು ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ. 40 ಮಾತ್ರ. ಅಂದರೆ ನೀವು ನೆಚ್ಚಿಕೊಂಡ ಕಾರ್ಡ್ ಅರ್ಧಕ್ಕಿಂತ ಹೆಚ್ಚು ಆಟಗಳ ಆರಂಭದಲ್ಲಿ ಕೈಯಲ್ಲಿರುವುದಿಲ್ಲ. ಅದಿಲ್ಲದೆ ಹೇಗೆ ಆಡಬೇಕೆಂಬುದು ಪಟ್ಟಿಯನ್ನು ನಕಲು ಮಾಡಿದ ಮಾತ್ರಕ್ಕೆ ತಿಳಿಯುವುದೂ ಇಲ್ಲ. 15 ಕಾರ್ಡ್‌ಗಳ ಸೈಡ್‌ಬೋರ್ಡಿನ (ಆಟಗಳ ನಡುವೆ ಡೆಕ್‌ಗೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡ್‌ಗಳ) ವಿಷಯದಲ್ಲಂತೂ ನಕಲು ಇನ್ನೂ ನಿರರ್ಥಕ, ಏಕೆಂದರೆ ವಿಜೇತರು ಅದನ್ನು ಕಟ್ಟಿದ್ದು ತಮ್ಮ ಎದುರಾಳಿಗಳನ್ನು ಊಹಿಸಿಕೊಂಡು. ಸ್ಥಳೀಯ ಪಂದ್ಯಗಳಿಗೆ ಹೆಚ್ಚಾಗಿ ಅದೇ ಜನ, ಅದೇ ಮೆಚ್ಚಿನ ಡೆಕ್‌ಗಳೊಂದಿಗೆ ಬರುತ್ತಾರೆ. ಸಾಧ್ಯವಾದರೆ ಒಂದು ದಿನ ಸುಮ್ಮನೆ ಹೋಗಿ ನೋಡಿ ಬನ್ನಿ.

ಡೆಕ್ ಪಟ್ಟಿ ಕೇಳುವ ಪಂದ್ಯವಾದರೆ ಅದನ್ನು ಮನೆಯಲ್ಲೇ ಬರೆದು, ಕಾರ್ಡ್‌ಗಳನ್ನು ಎಣಿಸಿ ತಾಳೆ ನೋಡಿಕೊಳ್ಳಿ. ಕಾರ್ಡ್‌ಗಳಿಗೆ ತೊಡಿಸುವ ಪ್ಲಾಸ್ಟಿಕ್ ಸ್ಲೀವ್‌ಗಳೆಲ್ಲ ಒಂದೇ ತೆರನಾಗಿರಲಿ. ಮುಖ್ಯ ಕಾರ್ಡ್‌ಗಳದ್ದಷ್ಟೇ ಸವೆದಿದ್ದರೆ ಗುರುತು ಮಾಡಿದ್ದೀರೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ಮೇಜಿನ ಮೇಲೆ ಗುಪ್ಪೆಗುಪ್ಪೆಯಾಗಿ ಹಂಚಿ ಜೋಡಿಸುವುದು ಎಣಿಕೆಗೆ ಸರಿ, ಕಲೆಸಿದಂತಾಗುವುದಿಲ್ಲ. ಎರಡು ಭಾಗ ಮಾಡಿ ಒಂದರೊಳಗೊಂದು ಬೆರೆಸುವ ಕ್ರಮದಲ್ಲಿ 52 ಎಲೆಗಳ ಕಟ್ಟಿಗೆ ಸುಮಾರು 7 ಸಲ ಬೇಕೆಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ಗಣಿತದಿಂದ ತೋರಿಸಿದ್ದಾರೆ. ಆಮೇಲೆ ಎದುರಾಳಿ ನಿಮ್ಮ ಡೆಕ್ಕನ್ನು ಮತ್ತೊಮ್ಮೆ ಕಲೆಸಿದರೆ ಬೇಸರಪಡಬೇಡಿ, ಅದು ಅವರ ಹಕ್ಕು.

ನಿಯಮದ ಬಗ್ಗೆ ಸಂದೇಹ ಬಂದ ಕೂಡಲೇ, ಕಾರ್ಡ್‌ಗಳನ್ನು ಅಲುಗಿಸದೆ, ಕೈಯೆತ್ತಿ ಜಡ್ಜ್ ಅವರನ್ನು ಕರೆಯಿರಿ. ಹೊಸಬರು ಇದನ್ನು ಎದುರಾಳಿಯ ಮೇಲಿನ ದೂರು ಎಂದು ಭಾವಿಸಿ ಸಂಕೋಚಪಡುತ್ತಾರೆ. ಅನುಭವಿಗಳು ಮಾತ್ರ ಸಣ್ಣ ಸಂದೇಹಕ್ಕೂ ನಿರ್ವಿಕಾರವಾಗಿ ಕರೆಯುತ್ತಾರೆ. ಲೈಫ್ (ಆಟಗಾರರಿಗೆ ಉಳಿದಿರುವ ಪ್ರಾಣಾಂಕ) ಲೆಕ್ಕವನ್ನು ದಾಳದಲ್ಲಿಡದೆ ಕಾಗದದ ಮೇಲೆ ಬರೆಯಿರಿ, ಏಕೆಂದರೆ ಮೊಣಕೈ ತಾಗಿ ಉರುಳಿದ ದಾಳ ಎಷ್ಟು ತೋರಿಸುತ್ತಿತ್ತೆಂಬುದಕ್ಕೆ ಸಾಕ್ಷಿಯಿರುವುದಿಲ್ಲ. ಸುತ್ತು ಮುಗಿದ ಮೇಲೆ ಫಲಿತಾಂಶ ಸರಿಯಾಗಿ ದಾಖಲಾಗಿದೆಯೇ ಎಂದು ಇಬ್ಬರೂ ನೋಡಿಕೊಂಡೇ ಮೇಜಿನಿಂದ ಏಳಿ.