ಅಪ್ಪನ ಮನೆಯಿಂದ ಬಂದ ಮಗ ಸುಮ್ಮನಿದ್ದರೆ

ನಿಮ್ಮ ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದಲ್ಲಿರುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ವಿಚ್ಛೇದನ ಆಗಿ ಒಂದು ವರ್ಷ. ಎಂಟು ವರ್ಷದ ಮಗ ನಿಮ್ಮ ಜೊತೆ ಇದ್ದಾನೆ, ವಾರದ ಕೊನೆಗೆ ಅಪ್ಪನ ಮನೆಗೆ ಹೋಗುತ್ತಾನೆ. ಬಂದ ದಿನ ಮಾತಿಲ್ಲ, ಸಣ್ಣದಕ್ಕೂ ಸಿಡುಕು, ಏನಾಯ್ತು ಅಂತ ಕೇಳಿದರೆ "ಏನಿಲ್ಲ". "ಹೋಗುವುದನ್ನೇ ನಿಲ್ಲಿಸಿದರೆ ಅವನಿಗೂ ನೆಮ್ಮದಿ ಅಲ್ವಾ?" ಎಂದು ಕೇಳಿದ್ದೀರಿ.

ನಿಲ್ಲಿಸಬೇಡಿ. ಅಲ್ಲಿ ಹೊಡೆತ, ಬೆದರಿಕೆ ಇದ್ದಿದ್ದರೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು, ಆಗ ಮಗುವನ್ನು ಕಾಪಾಡುವುದೇ ಮೊದಲು. ಆದರೆ ಅಂಥದ್ದೇನೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಅಪ್ಪ ಅಮ್ಮ ಇಬ್ಬರನ್ನೂ ನೋಡುತ್ತಿರುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೇ ಹೇಳುತ್ತದೆ. ಅದು ನಿಮ್ಮ ಹಕ್ಕೂ ಅಲ್ಲ, ಅವರ ಹಕ್ಕೂ ಅಲ್ಲ, ಅವನದು.

ಇನ್ನು ಅವನ ಮೌನ. ಪ್ರತಿ ವಾರ ಒಬ್ಬರ ಹತ್ತಿರ ಬರಬೇಕಾದರೆ ಅವನು ಇನ್ನೊಬ್ಬರನ್ನು ಬಿಟ್ಟು ಬರಬೇಕು, ಅದು ದೊಡ್ಡವರಿಗೂ ಸುಲಭವಲ್ಲ. ಅವನು ಒಳಗೆ ಬರುತ್ತಿದ್ದ ಹಾಗೆ ಅಲ್ಲಿ ಏನು ತಿಂದೆ, ಯಾರು ಬಂದಿದ್ದರು, ಅಪ್ಪ ನನ್ನ ಬಗ್ಗೆ ಏನಂದರು ಅಂತ ಕೇಳುತ್ತೀರಿ ಎಂದು ಬರೆದಿದ್ದೀರಲ್ಲ, ಅವನ ಜಾಗದಲ್ಲಿ ನಿಂತು ನೋಡಿ. ಚೆನ್ನಾಗಿತ್ತು ಅಂದರೆ ನಿಮ್ಮ ಮುಖ ಬಾಡುತ್ತದೆ. ಚೆನ್ನಾಗಿರಲಿಲ್ಲ ಅಂದರೆ ಅಪ್ಪನನ್ನು ಬಿಟ್ಟುಕೊಟ್ಟ ಹಾಗೆ. ಇಬ್ಬರನ್ನೂ ನೋಯಿಸಬಾರದು ಅಂತ ಆ ಪುಟ್ಟ ಹುಡುಗ ಕಂಡುಕೊಂಡ ಉತ್ತರವೇ ಆ "ಏನಿಲ್ಲ". ಬಂದ ಕೂಡಲೇ ಏನೂ ಕೇಳಬೇಡಿ. ಊಟ ಕೊಡಿ, ಪಕ್ಕದಲ್ಲಿರಿ. ಅವನಾಗಿ ಏನಾದರೂ ಹೇಳಿದರೆ, ಅಪ್ಪನ ಜೊತೆ ಖುಷಿಯಾಗಿದ್ದೆ ಅಂದರೂ ಸರಿ, "ಒಳ್ಳೆಯದಾಯ್ತು" ಅನ್ನಿ. ನಿಮಗೆ ಇದು ಕಷ್ಟ ಅಂತ ಗೊತ್ತು, ಆದರೂ ಅನ್ನಿ.

"ಒಡೆದ ಮನೆಯ ಮಗು ಹಾಳಾಗುತ್ತೆ" ಎಂದು ನೆಂಟರು ಹೇಳುತ್ತಾರಂತೆ. ಇದು ನಿಜವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇವಿಸ್ ಹೆದರಿಂಗ್ಟನ್ ಇಂಥ ಕುಟುಂಬಗಳನ್ನು ದಶಕಗಳ ಕಾಲ ಗಮನಿಸಿದರು. ಗಂಭೀರ ತೊಂದರೆ ಕಂಡದ್ದು ವಿಚ್ಛೇದನವಾದ ಮನೆಗಳ ಸುಮಾರು ಶೇ 25 ಮಕ್ಕಳಲ್ಲಿ, ಅಪ್ಪ ಅಮ್ಮ ಒಟ್ಟಿಗಿದ್ದ ಮನೆಗಳ ಸುಮಾರು ಶೇ 10 ಮಕ್ಕಳಲ್ಲಿ. ವ್ಯತ್ಯಾಸ ಚಿಕ್ಕದೇನಲ್ಲ, ಆದರೂ ನಾಲ್ವರಲ್ಲಿ ಮೂವರು ಚೆನ್ನಾಗಿಯೇ ಬೆಳೆದರು. ಮಕ್ಕಳನ್ನು ಜಾಸ್ತಿ ಕಾಡುವುದು ಬೇರೆಯಾದ ಮೇಲೂ ಮುಗಿಯದ ಜಗಳ, ಅದರಲ್ಲೂ ಅವರನ್ನೇ ನಡುವೆ ನಿಲ್ಲಿಸಿಕೊಂಡು ಆಡುವ ಜಗಳ. ಹಾಗಾಗಿ "ಫೀಸಿನ ದುಡ್ಡು ಕೇಳು ಅಪ್ಪನನ್ನ" ಅಂತ ಅವನ ಕೈಯಲ್ಲಿ ಹೇಳಿ ಕಳಿಸುವುದನ್ನು ಇವತ್ತೇ ಬಿಡಿ. ದುಡ್ಡು, ಸಮಯ, ಔಷಧಿ, ಶಾಲೆಯ ಮೀಟಿಂಗ್ ಎಲ್ಲ ನೀವಿಬ್ಬರೇ ಮೆಸೇಜಿನಲ್ಲಿ ಮಾತಾಡಿಕೊಳ್ಳಿ, ವಿಷಯ ಬಿಟ್ಟು ಒಂದು ಮಾತೂ ಹೆಚ್ಚು ಬರೆಯದೆ. ಅವನ ಅಜ್ಜಿಗೂ ಹೇಳಿ, ಅವನೆದುರು ಅಪ್ಪನನ್ನು ಬೈಯುವುದು ಬೇಡ. ಬೈದರೆ ಅದು ಅವನಿಗೂ ತಾಗುತ್ತದೆ, ಅಪ್ಪನ ಮೂಗು, ಅಪ್ಪನ ನಗು ಅವನಿಗೂ ಇರುತ್ತದಲ್ಲ.

ಈ ವಯಸ್ಸಿನ ಎಷ್ಟೋ ಮಕ್ಕಳು ತಮ್ಮ ತಪ್ಪಿನಿಂದಲೇ ಹೀಗಾಯ್ತು ಅಂತ ಒಳಗೊಳಗೇ ಅಂದುಕೊಂಡಿರುತ್ತಾರೆ, ಒಂದು ದಿನ ಎಲ್ಲ ಮೊದಲಿನ ಹಾಗೆ ಆಗುತ್ತೆ ಅಂತ ಕಾಯುತ್ತಲೂ ಇರುತ್ತಾರೆ. ಎರಡನ್ನೂ ಬಿಡಿಸಿ ಹೇಳಿ: "ನಿನ್ನಿಂದ ಆಗಿದ್ದಲ್ಲ. ನಾವು ಮತ್ತೆ ಒಂದೇ ಮನೆಯಲ್ಲಿ ಇರುವುದಿಲ್ಲ. ನಿನಗೆ ಇಬ್ಬರೂ ಇರುತ್ತೇವೆ." ಒಂದು ಸಲ ಹೇಳಿದರೆ ಸಾಲದು.

ನಿಮ್ಮ ಬಗ್ಗೆಯೂ ಒಂದು ಮಾತು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ವಿಚ್ಛೇದಿತ ತಾಯಂದಿರಿಗೆ ಕೆಲವು ವಾರ ತರಬೇತಿ ಕೊಟ್ಟರು. ಮಕ್ಕಳ ಮಾತು ಪೂರ್ತಿ ಕೇಳಿಸಿಕೊಳ್ಳುವುದು, ಅವರ ಜೊತೆ ಸಮಯ ಕಳೆಯುವುದು, ನಿಯಮಗಳನ್ನು ಸಡಿಲ ಬಿಡದಿರುವುದು, ಮುಖ್ಯವಾಗಿ ಇಂಥವು. ಆರು ವರ್ಷದ ನಂತರವೂ ಆ ಮಕ್ಕಳಲ್ಲಿ ಮಾನಸಿಕ ತೊಂದರೆ ಕಡಿಮೆ ಇತ್ತು. ಪಾಪ ಅಂತ ಅವನು ಕೇಳಿದ್ದೆಲ್ಲ ಕೊಡಿಸಬೇಡಿ, ಮಲಗುವ ಹೊತ್ತು, ಹೋಮ್‌ವರ್ಕ್ ಎಲ್ಲ ಮೊದಲಿನ ಹಾಗೇ ಇರಲಿ. ನಿಮಗೆ ಅಳು ಬಂದಾಗ ಗೆಳತಿಗೆ ಫೋನ್ ಮಾಡಿ, ಅವನ ಹತ್ತಿರ ಹೇಳಿಕೊಳ್ಳಬೇಡಿ. ಟೀಚರಿಗೆ ವಿಷಯ ತಿಳಿಸಿ. ಸಿಡುಕು ಕಡಿಮೆಯಾಗದೆ ವಾರಗಟ್ಟಲೆ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಶಾಲೆಗೆ ಹೋಗಲ್ಲ ಅಂದರೆ ಮಕ್ಕಳ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ. ಆದರೆ ಅವನ ಅಪ್ಪನಿಗೆ ತಿಳಿಸಿಯೇ ಹೋಗಿ, ಆಗುವುದಾದರೆ ಅವರನ್ನೂ ಬರಹೇಳಿ.